ಸುವರ್ಣಗಡ್ಡೆಯ ಮಹಾಶಯರು

ತರ್ಕಶಾಸ್ತ್ರ ಪಾಠ ಹೇಳುವವನು ಗೊಂದಲಕ್ಕೆ ಬೀಳುವುದಿಲ್ಲವೆಂದು ಜನ ನಂಬಿದ್ದಾರೆ. ಕಾಲೇಜಿನ ಗೇಟಿನೊಳಗೆ ಈ ನಂಬಿಕೆಯನ್ನು ಹೇಗೋ ಕಾಪಾಡಿಕೊಂಡು ಬಂದಿದ್ದೇನೆ. ಮನೆಯ ವಿಷಯ ಬೇರೆ. ನಿಮ್ಮ ಹತ್ತಿರ ಏನು ಮುಚ್ಚುಮರೆ, ಎರಡು ಹೋಳು ಬ್ರೆಡ್ಡು ಸೇರಿಕೊಂಡು ನನ್ನ ಹದಿನೈದು ವರ್ಷದ ತರ್ಕವನ್ನು ಒಂದೇ ಭಾನುವಾರದಲ್ಲಿ ಕಲಸುಮೇಲೋಗರ ಮಾಡಿಬಿಟ್ಟವು. ಅದು ಇನ್ನೂ ತಿಳಿಯಾಗಿಲ್ಲ. ಬರೆದರಾದರೂ ಆದೀತೇ ಎಂದು ಕೂತಿದ್ದೇನೆ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ದೇಶಕ್ಕೆಲ್ಲ ಹಿಂದಿ ಕಲಿಯುವ ಹುರುಪು. ನನಗೆ ಮಾತ್ರ ಫ್ರೆಂಚಿನ ಹುಚ್ಚು ಹತ್ತಿತು. ತರ್ಕದ ಒಂದೆರಡು ದಪ್ಪ ಪುಸ್ತಕಗಳು ಆ ಭಾಷೆಯಲ್ಲಿದ್ದವು ಎಂಬುದು ನಾನು ಹೊರಗೆ ಹೇಳುತ್ತಿದ್ದ ಕಾರಣ. ಈ ವಯಸ್ಸಿಗೆ ನಿಮಗೆ ಬರುವುದಿಲ್ಲ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ನಕ್ಕಿದ್ದರು ಎಂಬುದು ಒಳಗಿನ ಕಾರಣ. ಒಂಟಿಕೊಪ್ಪಲಿನ ಒಂದು ಔಟ್‌ಹೌಸಿನಲ್ಲಿ ಫ್ರಾನ್ಸಿನ ಹೆಂಗಸೊಬ್ಬರು ಬಾಡಿಗೆಗಿದ್ದರು. ಐವತ್ತು ದಾಟಿದವರು, ಒಂಟಿ, ವೀಣೆ ಕಲಿಯಲೆಂದು ಬಂದವರು. ನಾವು ಅವರನ್ನು ಮದಾಮ್ ಎನ್ನುತ್ತಿದ್ದೆವು. ಪ್ರತಿ ಭಾನುವಾರ ಬೆಳಿಗ್ಗೆ ಎರಡು ವರ್ಷ ಅವರು ನನಗೆ ಪಾಠ ಹೇಳಿದರು. ಫೀಸಿನ ಮಾತೆತ್ತಿದರೆ ನೊಣ ಓಡಿಸುವ ಹಾಗೆ ಕೈ ಆಡಿಸಿಬಿಡುತ್ತಿದ್ದರು.

ಒಂದು ಭಾನುವಾರ ಪುಸ್ತಕ ಮುಚ್ಚುತ್ತ, ಇನ್ನು ಹದಿನೈದು ದಿನಕ್ಕೆ ಊರಿಗೆ ಹೊರಟೆ, ಮತ್ತೆ ಬರುವುದಿಲ್ಲ ಎಂದರು. ಎರಡು ವರ್ಷದ ಋಣವನ್ನು ಯಾವುದರಿಂದ ತೀರಿಸಲಿ? ಗಂಧದ ಆನೆ ಕೊಡೋಣವೆಂದರೆ ಅವರ ಕಿಟಕಿಯ ಮೇಲೆ ಆಗಲೇ ಒಂದು ಹಿಂಡು ನಿಂತಿತ್ತು. ಬಾಯಿಂದ ಬಂದದ್ದು ಇಷ್ಟೇ: ನಿಮ್ಮ ಊರಿನ ಯಾವ ತಿಂಡಿ ನಿಮಗೆ ನೆನಪಾಗುತ್ತೆ? ಅವರು ನಕ್ಕು ಒಂದು ಹೆಸರು ಹೇಳಿದರು, ಕ್ರೋಕ್ ಮಸ್ಯೂ. ಭಾನುವಾರ ಅವರ ತಾಯಿ ಮಾಡುತ್ತಿದ್ದರಂತೆ. ಕ್ರೋಕ್ ಎಂದರೆ ಗರಿಗರಿ ಕಡಿಯುವುದು, ಮಸ್ಯೂ ಎಂದರೆ ಮಹಾಶಯರು; ಎರಡು ಹೋಳು ಬ್ರೆಡ್ಡಿನ ನಡುವೆ ಏನೇನೋ ಇಟ್ಟು ಸುಡುವ ತಿಂಡಿ. ಮಾಡುವ ಕ್ರಮವನ್ನೂ ಉಕ್ತಲೇಖನದಂತೆ ಹೇಳಿದರು, ನಾನು ವಿದ್ಯಾರ್ಥಿಯ ಹಾಗೆ ತಲೆ ತಗ್ಗಿಸಿ ಬರೆದುಕೊಂಡೆ. ಬರೆದು ಮುಗಿಸಿದವನೇ, ಹೊರಡುವ ಹಿಂದಿನ ಭಾನುವಾರ ನಮ್ಮ ಮನೆಗೆ ಬನ್ನಿ, ನಾವೇ ಮಾಡಿ ಬಡಿಸುತ್ತೇವೆ ಎಂದುಬಿಟ್ಟೆ. ಮದಾಮ್ ನನ್ನನ್ನು ಒಂದು ಗಳಿಗೆ ನೋಡಿ, 'ನೀವಾ?' ಎಂದರು. ಅದನ್ನು ಸಂಕೋಚವೆಂದು ತಿಳಿದು, 'ನಾವೇ' ಎಂದು ಒತ್ತಿ ಹೇಳಿದೆ.

ನನ್ನ ಫ್ರೆಂಚೆಲ್ಲ ತರ್ಕದ ಪುಸ್ತಕದ್ದು. ಪ್ರಮಾಣ, ಪ್ರಮೇಯ, ಹೇತು, ಎಲ್ಲಕ್ಕೂ ಪದ ಗೊತ್ತು. ಅಡಿಗೆಮನೆಯ ಒಂದು ಸೌಟಿಗೂ ಗೊತ್ತಿರಲಿಲ್ಲ. ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಬಂದು ನಿಘಂಟು ತೆಗೆದು ನೋಡಿದೆ. ಬ್ರೆಡ್ಡಿನ ನಡುವೆ ಇಡಬೇಕಾದ ಮುಖ್ಯ ವಸ್ತು ಯಾವುದೆಂದು ಅದು ಚೆನ್ನಾಗಿಯೇ ವಿವರಿಸಿತ್ತು. ನಾನು ಕೊರಳಿನ ಲಿಂಗವನ್ನು ಅಂಗಿಯ ಮೇಲಿಂದಲೇ ಒಮ್ಮೆ ಮುಟ್ಟಿ ನೋಡಿಕೊಂಡೆ.

ಹೆಂಡತಿ ಗಿರಿಜೆ ಅಕ್ಕಿ ಆರಿಸುತ್ತಿದ್ದಳು. ಹತ್ತಿರ ಕೂತು, ಮೆಲ್ಲಗೆ ಹೇಳಿದೆ.

'ಹಂದಿಯ ತೊಡೆ. ಉಪ್ಪು ಹಾಕಿ ಹೊಗೆ ಹಿಡಿಸಿದ್ದಂತೆ.'

ಗಿರಿಜೆ ಮೊರವನ್ನು ಕೆಳಗಿಟ್ಟಳು. ಬೈಯುತ್ತಾಳೆಂದುಕೊಂಡೆ. ಅವಳು ಕೇಳಿದ್ದು ಬೇರೆ. 'ಅದನ್ನ ತೆಗೆದ್ರೆ ಏನುಳಿಯತ್ತೆ?'

ಹದಿನೈದು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿಯೂ ಇಂಥ ಪ್ರಶ್ನೆ ಕೇಳಿರಲಿಲ್ಲ. ನಮ್ಮ ಶಾಸ್ತ್ರದಲ್ಲಿ ಒಂದು ವಸ್ತುವನ್ನು ಗುರುತಿಸಲು ಲಕ್ಷಣ ಹೇಳಬೇಕು. ಹಸುವಿಗೆ ಕೊಂಬು ಲಕ್ಷಣವಲ್ಲ, ಅದು ಎಮ್ಮೆಗೂ ಉಂಟು. ಕಪಿಲೆ ಬಣ್ಣ ಲಕ್ಷಣವಲ್ಲ, ಕರಿ ಹಸುವೂ ಉಂಟು. ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಮಾತ್ರ ಲಕ್ಷಣ; ಅದಿದ್ದರೆ ಹಸು. ಹಾಗಾದರೆ ಮಹಾಶಯರ ಗಂಗೆದೊಗಲು ಯಾವುದು? ಹಂದಿಯೇ ಆದರೆ ನಮ್ಮ ಮನೆಯಲ್ಲಿ ಅವರು ಹುಟ್ಟುವಂತೆಯೇ ಇಲ್ಲ. ಗರಿಗರಿಯೇ ಆದರೆ ಹಪ್ಪಳವೂ ಮಹಾಶಯರೇ.

ಇದನ್ನೆಲ್ಲ ಗಿರಿಜೆಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, 'ಆಮೇಲೆ ಇನ್ನೇನು ಹಾಕ್ತಾರೆ?' ಎಂದಳು.

'ಚೀಸು.'

'ಅದನ್ನ ಹೇಗೆ ಮಾಡ್ತಾರೆ?'

ಕಾಲೇಜಿನ ಲೈಬ್ರರಿಯಲ್ಲಿ ವಿಶ್ವಕೋಶ ನೋಡಿ ಬಂದೆ. ಹಾಲನ್ನು ಹೆಪ್ಪುಗಟ್ಟಿಸಲು ಎಳೆಗರುವಿನ ಹೊಟ್ಟೆಯೊಳಗಿನ ರಸ ಬಳಸುತ್ತಾರೆ ಎಂದಿತ್ತು. ಎಲ್ಲ ಚೀಸಿಗೂ ಹಾಗೆಯೋ, ಕೆಲವಕ್ಕೆ ಮಾತ್ರವೋ, ಸಯ್ಯಾಜಿರಾವ್ ರಸ್ತೆಯ ಅಂಗಡಿಯಲ್ಲಿ ಸಿಗುವ ಡಬ್ಬಿಯದು ಯಾವ ಜಾತಿಯದೋ, ಆ ಪುಸ್ತಕ ಹೇಳಲಿಲ್ಲ. ಹೇಳದೆ ಇರೋಣವೆಂದು ಮನೆಯವರೆಗೂ ನಿರ್ಧರಿಸಿಕೊಂಡು ಬಂದು, ಬಾಗಿಲಲ್ಲೇ ಹೇಳಿಬಿಟ್ಟೆ.

'ಅದನ್ನೂ ತೆಗೀರಿ,' ಎಂದಳು ಗಿರಿಜೆ.

ಉಳಿದದ್ದು ಬ್ರೆಡ್ಡು, ಮೇಲೆ ಹಚ್ಚುವ ಬಿಳಿ ಸಾಸು. ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹಾಕಿ ಕುದಿಸಿದರೆ ಆ ಸಾಸು. ಅದಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ. ಗಿರಿಜೆ ಮಾತ್ರ, 'ಇದು ಸಿನಿಮಾ ಪೋಸ್ಟರ್ ಅಂಟಿಸೋ ಹಿಟ್ಟಿನ ಸರಿ ಕಣ್ರೀ, ಬೆಣ್ಣೆ ದಂಡ' ಎಂದಳು. ಬ್ರೆಡ್ಡಿನ ವಿಷಯ ಅದಕ್ಕಿಂತ ಕಷ್ಟ. ಈಗಿನವರಿಗೆ ಇದು ಗೊತ್ತಾಗಲಿಕ್ಕಿಲ್ಲ. ನಮ್ಮ ಬೀದಿಯಲ್ಲಿ ಆಗ ಬ್ರೆಡ್ಡು ತಿಂಡಿಯಲ್ಲ, ಪಥ್ಯ. ಡಾಕ್ಟರು ಬರೆದುಕೊಟ್ಟರೆ ತರುವುದು, ಹಾಲಿನಲ್ಲಿ ಅದ್ದಿ ಜ್ವರದವರಿಗೆ ತಿನ್ನಿಸುವುದು. 'ಊರಿಗೆ ಹೊರಟೋರಿಗೆ ಜ್ವರದ ಊಟ ಹಾಕ್ತಾರಾ?' ಎಂದು ಗಿರಿಜೆ ಕೇಳಿದಳು.

ಆದರೂ ಅವಳು ಕೈಬಿಡಲಿಲ್ಲ. ಎರಡು ವರ್ಷ ಬಿಟ್ಟಿ ಪಾಠ ಹೇಳಿಸಿಕೊಂಡವರು ನೀವು, ಕರೆದವರೂ ನೀವು, ಹಾಗೇ ಕಳಿಸೋಕಾಗತ್ತಾ ಎಂದಳು. ಹಂದಿಯ ಜಾಗಕ್ಕೆ ಸುವರ್ಣಗಡ್ಡೆಯನ್ನು ನೇಮಿಸಿದಳು. ತೆಳ್ಳಗೆ ಹೆಚ್ಚಿದರೆ ನಸುಗೆಂಪಾಗಿ, ನಾನು ವಿಶ್ವಕೋಶದಲ್ಲಿ ನೋಡಿದ ಚಿತ್ರಕ್ಕೆ ಸುಮಾರಾಗಿ ಹೋಲುತ್ತಿತ್ತು. ಚೀಸಿನ ಜಾಗಕ್ಕೆ ಗಿಣ್ಣು. ನಮಗೆ ಹಾಲು ಹಾಕುವವರ ಹಸು ಆ ವಾರ ಈದಿತ್ತು. ಬೆಲ್ಲ, ಏಲಕ್ಕಿ ಬಿಟ್ಟು, ಉಪ್ಪು, ಮೆಣಸು ಹಾಕಿ ಹಬೆಯಲ್ಲಿ ಬೇಯಿಸಿದಳು. ಕರುವಿನ ಹೊಟ್ಟೆಯದು ಬೇಡವೆಂದು ಕರುವಿನ ಬಾಯಿಯದನ್ನು ತಂದೆವಲ್ಲ, ಇದು ಯಾವ ನ್ಯಾಯ ಎಂದು ಕೇಳಿದೆ. 'ಕರು ಕುಡಿದು ಮಿಕ್ಕಿದ್ದು, ಕೇಳ್ಕೊಂಡೇ ಬಂದಿದೀನಿ,' ಎಂದಳು.

ನಾನು ಮಾಡಿದ ಕೆಲಸ ಎರಡು. ಆ ಭಾನುವಾರ ಬೆಳಿಗ್ಗೆ ಅಗ್ರಹಾರದ ಬೇಕರಿಯಿಂದ ಬ್ರೆಡ್ಡು ತಂದದ್ದು ಒಂದು. ಮದಾಮ್‌ಗೆ ಹೇಳಬೇಕಾದ ಕೃತಜ್ಞತೆಯನ್ನು ಫ್ರೆಂಚಿನಲ್ಲಿ ಮೂರು ವಾಕ್ಯ ಬರೆದು ಬಾಯಿಪಾಠ ಮಾಡಿದ್ದು ಇನ್ನೊಂದು. ಆ ಮೂರು ವಾಕ್ಯ ಸರಿಯಾಗಿ ಹೇಳಿದರೆ ಸಾಕು, ಮಹಾಶಯರು ಹೇಗಿದ್ದರೂ ನಡೆದೀತು ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಮಧ್ಯಾಹ್ನ ಒಲೆಯ ಮುಂದೆ ನಿಂತು ಒಂದೊಂದೇ ವಾಕ್ಯ ಒಪ್ಪಿಸಿಕೊಳ್ಳುತ್ತ, ಕುದಿಯುತ್ತಿದ್ದ ಗಡ್ಡೆಯ ಒಂದು ಹೋಳನ್ನು ರುಚಿ ನೋಡಲೆಂದು ಬಾಯಿಗೆ ಹಾಕಿಕೊಂಡೆ. ಗಿರಿಜೆ ಆಗ ಇನ್ನೂ ಹುಣಸೆಹುಳಿ ಕಿವುಚುತ್ತಿದ್ದಳು.

ಹುಳಿ ಕಾಣದ ಸುವರ್ಣಗಡ್ಡೆ ಏನು ಮಾಡುತ್ತದೆಂದು ನಿಮಗೆ ಗೊತ್ತು. ತುಟಿಯಿಂದ ಗಂಟಲಿನವರೆಗೆ ತುರಿಕೆ, ಕಣ್ಣಲ್ಲಿ ನೀರು, ಧ್ವನಿ ಹೋಗಿ ಬರೀ ಗಾಳಿ. ಅದೇ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಮದಾಮೇ ಬಂದರೆಂದು ಓಡಿ ತೆಗೆದರೆ ಪಕ್ಕದ ಮನೆಯ ನಂಜಮ್ಮನವರು ನಿಂತಿದ್ದರು, ಕೈಯಲ್ಲಿ ಮೆಣಸಿನ ಸಾರಿನ ಚೊಂಬು. ಬೆಳಿಗ್ಗೆ ಬೇಕರಿಯ ಕಾಗದದ ಪೊಟ್ಟಣ ನೋಡಿದ್ದರಂತೆ.

'ಬ್ರೆಡ್ ತಂದ್ರಲ್ಲ ಮೇಷ್ಟ್ರೆ, ಯಾರ್ಗ್ ಉಸಾರಿಲ್ಲ?'

ಉತ್ತರ ಹೇಳಲು ಬಾಯಿ ತೆರೆದೆ. ಬಂದದ್ದು ಕೆಮ್ಮು. ನಂಜಮ್ಮನವರು ನನ್ನ ಹಣೆ ಮುಟ್ಟಿದರು. ಅರ್ಧ ಗಂಟೆಯಿಂದ ಒಲೆಯ ಮುಂದಿದ್ದ ಹಣೆ ಅದು.

'ಅಯ್ಯೋ, ಅಂಚಿನಂಗೆ ಕಾದದೆ. ಒಳೀಕ್ ನಡೀರಿ, ಮಲೀಕಳಿ.'

ನಾನು ಗಿರಿಜೆಯ ಕಡೆ ನೋಡಿದೆ. ನಿಜ ಹೇಳಿದರೆ ಎಲ್ಲ ಹೇಳಬೇಕು: ಮನೆಯಲ್ಲಿ ಏನು ಬೇಯುತ್ತಿದೆ, ಅದು ಯಾವುದರ ಬದಲಿಗೆ ಬೇಯುತ್ತಿದೆ. ಸಂಜೆಯೊಳಗೆ ಬೀದಿಯಲ್ಲಿ ಬದಲಿನ ಮಾತು ಉದುರಿ ಹೋಗಿ ಹಂದಿಯ ಮಾತೊಂದೇ ಉಳಿಯುತ್ತದೆ. ಗಿರಿಜೆ ಒಂದು ಕ್ಷಣ ಯೋಚಿಸಿ, 'ಬೆಳಿಗ್ಗೆಯಿಂದ ಹೀಗೇ ಕಣಮ್ಮ' ಎಂದಳು. ಸಾಕ್ಷಿ ಇರುವ, ಹೇತು ಇರುವ, ಸುಳ್ಳಾದ ಒಂದು ತೀರ್ಮಾನ ಹೇಗೆ ಸಿದ್ಧವಾಗುತ್ತದೆಂದು ನಾನು ಅಲ್ಲೇ ಕಲಿತೆ. ಎರಡೇ ನಿಮಿಷದಲ್ಲಿ ಚಾಪೆಯ ಮೇಲೆ, ಕಂಬಳಿಯ ಕೆಳಗೆ ಇದ್ದೆ. ನಂಜಮ್ಮನವರು ಹಣೆಗೆ ವಿಭೂತಿ ಹಚ್ಚಿ, ಪಕ್ಕದಲ್ಲಿ ಕೂತು ಬೀಸಣಿಗೆ ಹಿಡಿದರು. ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಕೇಳಿದಾಗ ಗಿರಿಜೆ, ನೀವು ಅಡಿಗೆಮನೆಯಿಂದ ಆಚೆ ಹೋದ್ರಲ್ಲ, ಅದಕ್ಕೇ ಮಹಾಶಯರು ಸರಿಯಾಗಿ ಬೆಂದರು ಎಂದಳು.

ಜಟಕಾದಿಂದ ಇಳಿದು ಬಂದ ಮದಾಮ್ ಬಾಗಿಲಲ್ಲೇ ನಿಂತರು. ವಿಭೂತಿ, ಕಂಬಳಿ, ಬೀಸಣಿಗೆ ನೋಡಿ ಅವರ ಮುಖ ಸಣ್ಣಗಾಯಿತು. 'ನಾನು ಹೋಗುತ್ತೇನೆ, ತೊಂದರೆ' ಎಂದು ವೀಣೆ ಮೇಷ್ಟರಿಂದ ಕಲಿತ ಕನ್ನಡದಲ್ಲಿ ಹೇಳಿ ಹಿಂದಕ್ಕೆ ತಿರುಗಿಯೂ ಬಿಟ್ಟರು. ನಾನು ಎದ್ದು ಕೂರಲು ಹೋದರೆ ನಂಜಮ್ಮನವರು ಭುಜ ಒತ್ತಿ ಮಲಗಿಸಿದರು. ಮೂರು ವಾಕ್ಯಗಳೂ ಗಂಟಲಿನಲ್ಲಿ ಗಡ್ಡೆಯ ಕೆಳಗೆ ಸಿಕ್ಕಿಕೊಂಡಿದ್ದವು. ಇವರು ಹೀಗೇ ಹೋದರೆ ಇನ್ನು ಈ ಜನ್ಮದಲ್ಲಿ ನೋಡುವುದಿಲ್ಲವಲ್ಲ ಎಂದು ನಿಜಕ್ಕೂ ಸಂಕಟವಾಯಿತು. ಅಷ್ಟರಲ್ಲಿ ಗಿರಿಜೆ ಬಂದು, ಅವರ ಕೈ ಹಿಡಿದು ಕರೆತಂದು, ಮಣೆಯ ಮೇಲೆ ಕೂರಿಸಿದಳು.

ಮಹಾಶಯರು ಬಾಳೆಲೆಯ ಮೇಲೆ ಬಂದರು. ನಮ್ಮಲ್ಲಿ ಓವನ್ ಇರಲಿಲ್ಲ. ಗಿರಿಜೆ ಕಾವಲಿಯ ಮೇಲೆ ಇಟ್ಟು, ಮುಚ್ಚಿದ ತಟ್ಟೆಯ ಮೇಲೂ ಕೆಂಡ ಹರಡಿ, ಎರಡು ಕಡೆಯಿಂದ ಕೆಂಪಗೆ ಸುಟ್ಟಿದ್ದಳು. ಮದಾಮ್ ಒಂದು ತುತ್ತು ಕಚ್ಚಿದರು. ಗರ್ ಎಂದ ಸದ್ದು ಕಂಬಳಿಯೊಳಗೂ ಕೇಳಿಸಿತು. ಅವರು ಬಹಳ ಹೊತ್ತು ಅಗಿದು, ನನ್ನ ಕಡೆ ತಿರುಗಿ, ಫ್ರೆಂಚಿನಲ್ಲಿ, 'ಇದು ಅದಲ್ಲ' ಎಂದರು. ನಾನು ಮಲಗಿದ್ದಲ್ಲೇ ತಲೆಯಾಡಿಸಿದೆ. ತರ್ಕ ಗೆದ್ದಿತ್ತು, ನಾನು ಸೋತಿದ್ದೆ.

ಎರಡನೆಯ ತುತ್ತಿನ ಮೇಲೆ ಅವರು ಹೋಳನ್ನು ಎಲೆಯ ಮೇಲಿಟ್ಟರು. ಆಮೇಲೆ ಎಲೆ ನೋಡಿಕೊಂಡೇ ಹೇಳತೊಡಗಿದರು. ಮೊದಲನೆಯ ಮಹಾಯುದ್ಧದ ಕಾಲ, ಅವರಿಗೆ ಹನ್ನೆರಡು ವರ್ಷ. ತಂದೆ ಯುದ್ಧಕ್ಕೆ ಹೋಗಿದ್ದರು. ಊರಲ್ಲಿ ಹಂದಿಯೂ ಇಲ್ಲ, ಚೀಸೂ ಇಲ್ಲ. ತಾಯಿ ಟರ್ನಿಪ್ ಗಡ್ಡೆಯನ್ನು ತೆಳ್ಳಗೆ ಹೆಚ್ಚಿ ಬ್ರೆಡ್ಡಿನ ನಡುವೆ ಇಟ್ಟು, ಮೇಲೆ ಹಿಟ್ಟಿನ ಗಂಜಿ ಬಳಿದು ಸುಡುತ್ತಿದ್ದರು. ಭಾನುವಾರ ಮೇಜಿನ ಮೇಲಿಟ್ಟು, ಮಹಾಶಯರು ಬಂದರು ನೋಡಿ ಎನ್ನುತ್ತಿದ್ದರು. 'ಅಪ್ಪ ತಿರುಗಿ ಬರಲಿಲ್ಲ. ಮಹಾಶಯರು ಮಾತ್ರ ಪ್ರತಿ ಭಾನುವಾರ ಬರುತ್ತಿದ್ದರು. ನಿಮಗೆ ಬರೆಸಿದ್ದು ಹೋಟೆಲಿನ ಕ್ರಮ. ಇದನ್ನು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಗೆ ಗೊತ್ತಾಯಿತು?'

ನಮಗೆ ಏನೂ ಗೊತ್ತಿರಲಿಲ್ಲ ಎಂದು ಹೇಳಲು ನನಗೆ ಧ್ವನಿ ಇರಲಿಲ್ಲ. ನಂಜಮ್ಮನವರು ಮದಾಮ್ ಕಣ್ಣೊರೆಸಿಕೊಳ್ಳುವುದನ್ನು ನೋಡಿ, 'ಏನಂತೆ?' ಎಂದರು. ಮದಾಮೇ ಹೇಳಿದರು, 'ನನ್ನ ತಾಯಿ. ನೆನಪು.' ನಂಜಮ್ಮನವರು ಬೀಸಣಿಗೆ ಕೆಳಗಿಟ್ಟು, ನನಗೆಂದು ತಂದಿದ್ದ ಮೆಣಸಿನ ಸಾರನ್ನು ಲೋಟಕ್ಕೆ ಬಗ್ಗಿಸಿ ಅವರ ಕೈಗೆ ಕೊಟ್ಟು, 'ಕುಡೀರವ್ವ, ಎದೆ ಅಗುರಾಯ್ತದೆ' ಎಂದರು. ಮದಾಮ್ ಕುಡಿದರು.

ಹೊರಡುವಾಗ ನಾನು ಜೇಬಿನಿಂದ ಆ ಮೂರು ವಾಕ್ಯದ ಕಾಗದ ತೆಗೆದು ಕೊಟ್ಟೆ. ಹೊಸಿಲಲ್ಲೇ ನಿಂತು ಓದಿದರು. ಕೈಚೀಲದಿಂದ ಪೆನ್ಸಿಲ್ ತೆಗೆದು ಒಂದು ತಪ್ಪು ತಿದ್ದಿದರು. ಆಮೇಲೆ ಮಡಿಸಿ, ನನಗೆ ವಾಪಸು ಕೊಡದೆ, ಚೀಲದಲ್ಲಿ ಇಟ್ಟುಕೊಂಡರು.

ಕೆಲವು ತಿಂಗಳ ಮೇಲೆ ಅವರ ಕಾಗದ ಬಂತು. ಅಲ್ಲಿ ಈಗ ಹಂದಿ, ಚೀಸು ಎಲ್ಲ ಧಾರಾಳವಾಗಿ ಸಿಗುತ್ತವಂತೆ. ಭಾನುವಾರ ಮಹಾಶಯರನ್ನು ಕ್ರಮವಾಗಿಯೇ ಮಾಡಿಕೊಳ್ಳುತ್ತಾರಂತೆ. ಆದರೆ ಏನೋ ಕಡಿಮೆ. ಟರ್ನಿಪ್ ಹಾಕಿ ನೋಡಿದರೂ ಆಗಲಿಲ್ಲ, ನಿಮ್ಮ ಹೆಂಡತಿ ಹಾಕಿದ ಗಡ್ಡೆ ಯಾವುದು, ಕಳಿಸಲಾದೀತೇ ಎಂದು ಕೇಳಿದ್ದರು. ನಾನು ಮತ್ತೆ ಗೊಂದಲಕ್ಕೆ ಬಿದ್ದೆ. ತಾಯಿಯ ಟರ್ನಿಪ್ಪೇ ಅಸಲಾದರೆ ನಮ್ಮದು ಅದರ ನಕಲು. ಈಗ ನಕಲು ಸಿಗದೆ ಅಸಲೇ ಸಪ್ಪೆಯಾಗಿದೆ. ಇದರಲ್ಲಿ ಯಾವುದು ಹಸು, ಯಾವುದು ಗಂಗೆದೊಗಲು? ಕಾಗದವನ್ನು ಕೈಯಲ್ಲಿ ಹಿಡಿದು ಹಾಲ್‌ನಲ್ಲಿ ಮೂರು ಸುತ್ತು ಸುತ್ತಿ, ಗಿರಿಜೆಗೆ ಓದಿ ಹೇಳಿ, ಇದಕ್ಕೇನು ಅರ್ಥ ಎಂದೆ.

ಅವಳು ಆಗಲೇ ಒಳ್ಳೆಯದೊಂದು ಗಡ್ಡೆ ಆರಿಸಿ, ಮಣ್ಣು ಒರೆಸಿ, ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟುತ್ತಿದ್ದಳು.

'ಅರ್ಥ ಆಮೇಲೆ ನೋಡ್ಕೊಳ್ಳಿ. ಹುಣಸೆಹುಳೀಲಿ ಬೇಯಿಸ್ಬೇಕು ಅಂತ ಮೊದಲು ಬರೀರಿ, ದೊಡ್ಡಕ್ಷರದಲ್ಲಿ. ಪಾಪ, ಒಬ್ಬರೇ ಇರೋರು, ಗಂಟಲು ಕಟ್ಟಿದ್ರೆ ಚೊಂಬು ಹಿಡ್ಕೊಂಡು ಬರೋಕೆ ಅಲ್ಲಿ ನಂಜಮ್ಮನೋರು ಇಲ್ಲವಲ್ಲ.'