ಕತ್ತರಿ ಹಾಕದ ಆಕಾಶಬುಟ್ಟಿ

ಅವ್ವ ಪುಣೆಯ ಪೇಠೆಗಳಲ್ಲಿ ಗಂಟು ಹೊತ್ತು ಮನೆಮನೆಗೆ ಹೋಗಿ ಖಣ ಮಾರಿದವಳು. ಖಣವೆಂದರೆ ಗುಳೇದಗುಡ್ಡದ ಬಟ್ಟೆ, ಒಂದು ಕುಪ್ಪಸಕ್ಕೆ ಸಾಕಾಗುವಷ್ಟು ತುಂಡು, ಅಂಚಿಗೆ ರೇಷ್ಮೆ. ಆ ಗಂಟಿನ ದುಡಿಮೆಯ ಮೇಲೆಯೇ ನಾನು ಅಂಗಡಿ ತೆರೆದದ್ದು. ಅಂದಿನಿಂದ ಖಣದ ಕಪಾಟಿನ ಮುಂದಿನ ಗಾದಿ ಅವಳದು. ಗಿರಾಕಿಗೆ ಮರಾಠಿಯಲ್ಲಿ ಬಣ್ಣ ತೋರಿಸುತ್ತಾಳೆ, ನನ್ನನ್ನು ಕನ್ನಡದಲ್ಲಿ ಬೈಯುತ್ತಾಳೆ.

ಈಗ ಎಲ್ಲರಿಗೂ ರೆಡಿಮೇಡ್ ಬ್ಲೌಸ್ ಬೇಕು. ದೀಪಾವಳಿ ಮುಗಿದ ಮೇಲೆ ಖಣದ ಕಪಾಟು ಕಿತ್ತು, ಅಲ್ಲಿ ಬ್ಲೌಸ್ ತೂಗುಹಾಕುವ ಸರಳು ಕೂರಿಸಬೇಕೆಂದು ಬಡಗಿಗೆ ಹೇಳಿಬಿಟ್ಟಿದ್ದೆ. ಅವ್ವನಿಗೂ ಹೇಳಿದೆ.

"ಆಗಲಿ. ಮತ್ತ ನಾ ಮನ್ಯಾಗ ಇರ್ತೀನಿ," ಅಂದಳು.

ಜಗಳವಾಡಿದ್ದರೆ ಚೆನ್ನಾಗಿತ್ತು. ನನಗೆ ಜಗಳ ಬರುತ್ತದೆ, ಆ ತಣ್ಣನೆಯ ಮಾತು ಬರುವುದಿಲ್ಲ.

ಅದೇ ದಿನಗಳಲ್ಲಿ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ಪುಣೆಯಂಚಿನ ಹಡಪಸರದಲ್ಲಿ ಬಿದಿರಿನ ದೀಪಗಳನ್ನು ಮಾಡುವ ಸಣ್ಣ ಉದ್ಯಮ ಶುರು ಮಾಡಿದ್ದಳು. ಉಡುಪಿ ಕಡೆಯವಳು. "ನಮ್ಮ ಮನೆಯಲ್ಲಿ ಎಲ್ಲರೂ ಹೋಟೆಲೇ ಮಾರಾಯ್ರೇ, ನನಗೆ ಆ ಹೊಗೆ ಸಾಕಾಯ್ತು," ಎಂದು ತನ್ನ ಪರಿಚಯ ತಾನೇ ಹೇಳಿಕೊಂಡಳು. ದೀಪಾವಳಿಗೆ ಮನೆ ಮುಂದೆ ತೂಗುಹಾಕುವ ಆಕಾಶಬುಟ್ಟಿಯನ್ನು ಖಣದಿಂದ ಮಾಡೋಣ, ಚೌಕಟ್ಟು ನನ್ನದು, ಬಟ್ಟೆ ನಿಮ್ಮದು ಎಂದಳು. ಅವಳು ಬರೆದು ತಂದ ಚಿತ್ರಗಳಿಗೆಲ್ಲ ನಾನು ಕೊಂಕು ತೆಗೆದೆ. ಅವಳು ನಗುತ್ತಲೇ ಇನ್ನೊಂದು ಬರೆದಳು. ಕೊನೆಗೆ ನನಗೂ ಹುರುಪು ಬಂತು. ಖಣ ಹೀಗಾದರೂ ಮಾರಾದರೆ ಕಪಾಟು ಉಳಿದೀತು ಎಂಬ ಆಸೆ ಹುಟ್ಟಿತು.

ಅವ್ವ ಊಟಕ್ಕೆ ಹೋದಾಗ ಕೆಲಸ ಶುರುಮಾಡಿದೆವು. ಹಸಿರು ಖಣವೊಂದನ್ನು ನಾನೇ ಕತ್ತರಿಸಿದೆ, ಅವಳು ಆ ಪಟ್ಟಿಗಳನ್ನು ಬಿದಿರಿಗೆ ಅಂಟಿಸಿದಳು. ಅವ್ವ ಬರುವ ಹೊತ್ತಿಗೆ ನೆಲದ ತುಂಬ ಚೂರು.

ಅವಳು ಒಂದು ಚೂರನ್ನು ಎತ್ತಿಕೊಂಡಳು. "ಖಣಕ್ಕ ಕುಪ್ಪಸಾ ಹೊಲ್ಯಾಕಷ್ಟ ಕತ್ರಿ ಹಾಕ್ತಾರ. ಇದು ಉಡಿ ತುಂಬೂ ಅರಿವಿ. ಇಡೀದ ಕೊಡಬೇಕು. ನೀ ಇದನ್ನ ಮಾರಿ ಅಂಗಡಿ ಮಾಡಿದಾಂವಾ, ನಿನಗ ಗೊತ್ತಿಲ್ಲೇನು?"

ನನಗೆ ಗೊತ್ತಿತ್ತು. ಉಡಿ ತುಂಬುವಾಗ ತೆಂಗಿನಕಾಯಿಯ ಜೊತೆ ಇಡೀ ಖಣವೇ ಮುತ್ತೈದೆಯ ಮಡಿಲಿಗೆ ಬೀಳಬೇಕು. ಆದರೂ ಸಿಟ್ಟು ಬಂತು. "ಹಂಗಾದ್ರ ಗೆದ್ದಲಿಗೆ ಇಡೂಣು!" ಎಂದು ಕೂಗಿದೆ. ಅವ್ವ ಗಾದಿಯ ಮೇಲೆ ಕೂತು ಕಪಾಟಿನಿಂದ ಒಂದು ಖಣ ತೆಗೆದು ಮಡಚತೊಡಗಿದಳು. ಮನಸ್ಸು ಕೆಟ್ಟಾಗ ಅವಳ ಕೈ ಮಾಡುವ ಕೆಲಸ ಅದು. ಅಂಚು ಮೇಲೆ ಬರುವಂತೆ ಮಡಚಿ, ತುದಿ ಒಳಗೆ ಸಿಕ್ಕಿಸಿದರೆ ತ್ರಿಕೋನ. ನಮ್ಮಲ್ಲಿ ಖಣವನ್ನು ಹಾಗೆಯೇ ಇಡುವುದು, ಹಾಗೆಯೇ ಕೊಡುವುದು.

ದೀಪದವಳು ಅಂಟು ಮೆತ್ತಿದ ಕೈಯಲ್ಲೇ ಅವಳ ಎದುರು ಹೋಗಿ ಕೂತಳು.

"ಅಮ್ಮ, ಇದು ಬಿಚ್ಚಿದರೆ ಮೊದಲಿನ ಹಾಗೇ ಆಗ್ತದಾ?"

"ಆಗಲಾರದೇನು? ಒಂದು ಹೊಲಿಗಿ ಇಲ್ಲ."

"ಹಾಗಾದ್ರೆ ಇನ್ನೊಮ್ಮೆ ಮಡಚಿ. ನಿಧಾನಕ್ಕೆ."

ಮುಂದಿನ ಕೆಲಸದಲ್ಲಿ ಕತ್ತರಿಯೂ ಇರಲಿಲ್ಲ, ಅಂಟೂ ಇರಲಿಲ್ಲ. ಅವ್ವ ಮಡಚಿದ ತ್ರಿಕೋನಗಳನ್ನು ಬಿದಿರಿನ ಚೌಕಟ್ಟಿಗೆ ಸಿಕ್ಕಿಸಿ ದೀಪ ಹಚ್ಚಿ ನೋಡಿದೆವು. ಮಡಿಕೆ ದಪ್ಪವಾಗಿ ಬೆಳಕೇ ಹೊರಗೆ ಬರಲಿಲ್ಲ. ನಾನು ಮತ್ತೆ ಗೊಣಗಿದೆ. "ಸ್ವಲ್ಪ ಬಾಯಿ ಮುಚ್ಚಿಕೊಳ್ಳಿ ಮಾರಾಯ್ರೇ," ಎಂದು ಅವಳು ಚೌಕಟ್ಟನ್ನು ಬಿಚ್ಚಿಕೊಂಡು ಹೋದಳು. ಮತ್ತೆ ತಂದಾಗ ತ್ರಿಕೋನಗಳ ನಡುವೆ ಸಂದು ಬಿಟ್ಟಿದ್ದಳು. ಆ ಸಂದಿನಿಂದ ಬಂದ ಬೆಳಕು ಕೆಂಪು ರೇಷ್ಮೆಯ ಅಂಚಿನ ಮೇಲೆ ಬಿತ್ತು. ನನಗೆ ಕೊಂಕು ಹುಡುಕಲು ಮನಸ್ಸಾಗಲಿಲ್ಲ. ಭಾಳ ಚಂದಿತ್ತು.

ಹಬ್ಬ ಮುಗಿದ ಮೇಲೆ ಬಿಚ್ಚಿ ಕುಪ್ಪಸ ಹೊಲಿಸಿಕೊಳ್ಳಿ ಎಂದು ಹೇಳಿ ಮಾರಿದೆವು. ಜನ ಕೊಂಡರು. ಆದರೆ ಬಿಚ್ಚಿ ಹೊಲಿಸುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಹಬ್ಬದ ಗದ್ದಲಕ್ಕೆ ಎಲ್ಲವೂ ಮಾರಾಗುತ್ತದೆ, ಕಪಾಟು ನಿಲ್ಲಬೇಕಾದದ್ದು ಆಮೇಲಿನ ದಿನಗಳಲ್ಲಿ. ಹಾಗಾಗಿ ಬಡಗಿಗೆ ಬೇಡವೆಂದು ಹೇಳಿರಲಿಲ್ಲ.

ತುಳಸಿ ಲಗ್ನ ಮುಗಿದ ಮೇಲೆ ಅವ್ವ ನಮ್ಮ ಮನೆಯ ಆಕಾಶಬುಟ್ಟಿ ಇಳಿಸಿ, ಅದರೊಳಗಿನ ಒಂದು ಖಣ ಬಿಚ್ಚಿ ದರ್ಜಿಗೆ ಕೊಟ್ಟಳು. ಕೆಲವು ದಿನಗಳ ನಂತರ ಅಂಗಡಿಗೆ ಬಂದಾಗ ಅದೇ ಖಣದ ಕುಪ್ಪಸ ತೊಟ್ಟಿದ್ದಳು. ಬೆನ್ನಿನ ಮೇಲೆ ಮಡಿಕೆಯ ಗೆರೆ ಓರೆಯಾಗಿ ಎದ್ದು ಕಾಣುತ್ತಿತ್ತು.

"ಇಸ್ತ್ರಿ ಮಾಡಸ್ತಿದ್ನಲ್ಲಾ, ಅವ್ವಾ."

"ಬ್ಯಾಡ. ಗೆರಿ ಹೋದ್ರ ಇದು ದೀಪದಾಗಿದ್ದ ಖಣಾ ಅಂತ ಗಿರಾಕಿಗೆ ಹೆಂಗ ತೋರಸ್ಲಿ?"

ಅಷ್ಟು ಹೇಳಿ ಗಾದಿಯ ಮೇಲೆ ಕೂತಳು. ನಾನು ಹೊರಗೆ ಹೋಗಿ ಬಡಗಿಗೆ ಫೋನ್ ಮಾಡಿ, ಬರಬೇಡ ಎಂದೆ. ಯಾಕೆ ಎಂದು ಅವನು ಕೇಳಿದಾಗ, ಕಪಾಟಿನ ಮುಂದೆ ಅವ್ವ ಕೂತಿದ್ದಾಳೆ ಎಂದೆ. ಒಳಗೆ ಅವ್ವ ಯಾರಿಗೋ ಬೆನ್ನು ತಿರುಗಿಸಿ ಗೆರೆ ತೋರಿಸುತ್ತಿದ್ದಳು.