ಮಂಜಿನಲ್ಲಷ್ಟೇ ಏರುವ ಮುಳ್ಳು

ಬೋಜಪ್ಪನ ಕೈಗೆ ಸಿಕ್ಕ ವಸ್ತು ಬಿಚ್ಚದೆ ಉಳಿದದ್ದಿಲ್ಲ. ಮನೆಯ ಮಿಕ್ಸಿ, ಗೋಡೆ ಗಡಿಯಾರ, ನಮ್ಮ ಎಸ್ಟೇಟಿನ ಔಷಧಿ ಹೊಡೆಯುವ ಪಂಪು, ಎಲ್ಲದರ ಹೊಟ್ಟೆಯೊಳಗೂ ಅವನು ಇಣುಕಿದ್ದಾನೆ. ಅರ್ಧ ಮತ್ತೆ ನಡೆದವು, ಇನ್ನರ್ಧ ಅವನ ಮನೆಯ ಅಟ್ಟ ಸೇರಿದವು. ನಾನು ಆ ಕಾಫಿ ಎಸ್ಟೇಟಿನ ರೈಟರ್, ಆಳುಗಳ ಲೆಕ್ಕ ಬರೆಯುವವನು. ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಹೆಂಗಸರು ಹೊತ್ತಿಗೆ ಸರಿಯಾಗಿ ಬರದಿದ್ದರೆ ಬೈಸಿಕೊಳ್ಳುವವನು ನಾನೇ. ಅವರನ್ನು ಸಿದ್ದಾಪುರದ ಕಡೆಯಿಂದ ಕರೆತರುವುದು ಬೋಜಪ್ಪನ ಪಿಕಪ್ಪು. ಹಾಗಾಗಿ ನನ್ನ ಆರೋಗ್ಯಕ್ಕಿಂತ ಅದರ ಆರೋಗ್ಯದ ಚಿಂತೆಯೇ ನನಗೆ ಹೆಚ್ಚು.

ಜನವರಿಯಲ್ಲಿ ಅದರ ಟೆಂಪರೇಚರ್ ಮೀಟರಿಗೆ ಹುಚ್ಚು ಹಿಡಿಯಿತು. ಬೆಳಗ್ಗೆ ಬರುವಾಗ ಮುಳ್ಳು ಕೆಂಪು ಗೆರೆಯ ಕಡೆ ಏರುತ್ತಿತ್ತು, ತಟ್ಟನೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಕಾಫಿ ಮೂಟೆ ಹೇರಿಕೊಂಡು ಏರು ಹತ್ತಿದರೂ ಅಲ್ಲಾಡುತ್ತಿರಲಿಲ್ಲ. ಹಲ್ಲು ಕಟಕಟ ಎನ್ನುವ ಚಳಿಯಲ್ಲಿ ಬಿಸಿಯಾಗಿ, ಉರಿಬಿಸಿಲಲ್ಲಿ ತಣ್ಣಗಿರುವ ಇಂಜಿನ್ನನ್ನು ನಾನಂತೂ ಕಂಡಿರಲಿಲ್ಲ. ವಿರಾಜಪೇಟೆಯ ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ಬದಲಿಸಿದ್ದಾಯಿತು, ರೇಡಿಯೇಟರ್ ತೊಳೆಸಿದ್ದಾಯಿತು. ಮುಳ್ಳು ಕ್ಯಾರೇ ಅನ್ನಲಿಲ್ಲ.

ಮಂಜು ಕವಿದ ಒಂದು ಬೆಳಗ್ಗೆ, ಆನೆ ದಾಟುವ ತಿರುವಿನಲ್ಲೇ ಮುಳ್ಳು ಕೆಂಪು ಮುಟ್ಟಿತು. ಇಂಜಿನ್ ಕಾದು ಕಚ್ಚಿಕೊಂಡು ಸೀಜ್ ಆದೀತೆಂದು ಬೋಜಪ್ಪ ಗಾಡಿ ನಿಲ್ಲಿಸಿದ. ಹೆಂಗಸರು ಇಳಿದು ರಸ್ತೆ ಬದಿ ನಿಂತರು. ಅವನು ಬಾನೆಟ್ ಎತ್ತಿ ನೋಡುತ್ತಿದ್ದಾಗ ತೋಟದ ಒಳಗಿನಿಂದ ಒಂಟಿ ಆನೆ ರಸ್ತೆಗೆ ಬಂತು. ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ಆನೆ ತನ್ನ ಪಾಡಿಗೆ ತಾನು ದಾಟಿ ಹೋಯಿತು. ಆದರೆ ಗುಂಪಿನ ಹಿರಿಯಳು ಕಾಂತಮ್ಮ ಚರಂಡಿಗೆ ಬಿದ್ದು, ಕಾಲು ಉಳುಕಿ, ಸಿದ್ದಾಪುರದ ಕಡೆಯ ಕೂಲಿಗಳ ಸಾಲಿನ ಲೈನ್ ಮನೆಯಲ್ಲಿ ಹಾಸಿಗೆ ಹಿಡಿದಳು. ಕಾಂತಮ್ಮ ಹತ್ತುವವರೆಗೂ ಆ ಪಿಕಪ್ ಹತ್ತುವುದಿಲ್ಲ ಎಂದು ಉಳಿದವರು ಖಡಾಖಂಡಿತವಾಗಿ ಹೇಳಿಬಿಟ್ಟರು.

ಬೋಜಪ್ಪ ಸೊರಗಿಹೋದ. ತನ್ನನ್ನು ನಂಬಿ ಹತ್ತಿದವರು ಈಗ ತನ್ನ ಗಾಡಿ ಕಂಡರೆ ಮುಖ ತಿರುಗಿಸುವುದು ಅವನಿಗೆ ಸಹಿಸಲಾಗಲಿಲ್ಲ. ಆದರೂ ತಲೆಯೊಳಗಿನ ಹುಳು ಸುಮ್ಮನಿರಬೇಕಲ್ಲ.

"ರೈಟ್ರೇ, ಅವತ್ತು ಬಾನೆಟ್ ತೆಗ್ದಾಗ ಹಬೆ ಇರ್ಲಿಲ್ಲ. ನೀರು ಕುದಿಯೋ ಸದ್ದೂ ಇಲ್ಲ. ಕೆಂಪು ಮುಟ್ಟಿದ ಇಂಜಿನ್ ಅಷ್ಟು ಸುಮ್ನೆ ಇರ್ತದಾ?"

"ನಂಗೆಂಥ ಗೊತ್ತು ಮಾರಾಯ?"

"ನಾಳೆ ನನ್ನೊಟ್ಟಿಗೆ ಬನ್ನಿ. ನಾನು ರಸ್ತೆ ನೋಡ್ತೇನೆ, ನೀವು ಮುಳ್ಳು ನೋಡಿ."

ಮರುದಿನ ಖಾಲಿ ಪಿಕಪ್ಪಿನಲ್ಲಿ, ಮಂಜಿನಲ್ಲಿ ಹೊರಟೆವು. ಅವನು ಬ್ರೇಕ್ ಒತ್ತಿದ, ಹಾರ್ನ್ ಹೊಡೆದ, ಗೇರ್ ಬದಲಿಸಿದ. ಏನೂ ಇಲ್ಲ. ಮಂಜು ದಟ್ಟವಾದಾಗ ಮುಂದಿನ ದೊಡ್ಡ ಲೈಟು ಹಾಕಿದ. ಮಂಜಿನಲ್ಲಿ ಆನೆ ನಿಂತಿದ್ದರೆ ದೂರದಿಂದಲೇ ಕಾಣಲಿ ಎಂದು ಹೆಂಗಸರು ಕೇಳಿದ್ದಕ್ಕೆ ಅವನೇ ಡಿಸೆಂಬರಿನಲ್ಲಿ ಕಟ್ಟಿದ ಲೈಟು ಅದು.

"ಏರ್ತಾ ಉಂಟು," ಅಂದೆ.

ಎದುರಿಗೆ ಬಸ್ಸು ಬಂತು. ಡ್ರೈವರಿನ ಕಣ್ಣಿಗೆ ಹೊಡೆಯದಿರಲೆಂದು ಬೋಜಪ್ಪ ಲೈಟು ಆರಿಸಿದ.

"ಇಳೀತು."

ಬಸ್ಸು ದಾಟಿತು, ಲೈಟು ಹಾಕಿದ.

"ಮತ್ತೆ ಏರ್ತು."

ಅವನು ಗಾಡಿ ನಿಲ್ಲಿಸಿ ನನ್ನ ಮುಖ ನೋಡಿದ. ಸ್ವಿಚ್ ಹಾಕಿದ, ತೆಗೆದ. ಹಾಕಿದ, ತೆಗೆದ. ಮುಳ್ಳು ಅವನ ಬೆರಳು ಹೇಳಿದಂತೆ ಕುಣಿಯಿತು. ಚಳಿಗೂ ಬಿಸಿಲಿಗೂ ಅದಕ್ಕೆ ಸಂಬಂಧವೇ ಇರಲಿಲ್ಲ. ಮಂಜಿದ್ದಾಗ ಮಾತ್ರ ಆ ಲೈಟು ಉರಿಯುತ್ತಿತ್ತು, ಅಷ್ಟೇ.

ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ನೋಡಿದರೆ ಮೀಟರಿನ ಕರೆಂಟು ಹಿಂದಿರುಗುವ ಅರ್ತ್ ವೈರು ಇದ್ದ ಬೋಲ್ಟಿಗೇ ಅವನು ಲೈಟಿನ ಅರ್ತ್ ವೈರನ್ನೂ ಬಿಗಿದಿದ್ದ. ಬೋಲ್ಟು ತುಕ್ಕು ಹಿಡಿದಿತ್ತು. ಲೈಟಿನ ಕರೆಂಟಿಗೆ ಹಿಂದಿರುಗಲು ಸಲೀಸು ದಾರಿಯಿಲ್ಲದೆ, ಅದು ಮೀಟರಿನ ದಾರಿಗೂ ಅಡ್ಡಬಂದು ಅದರ ಲೆಕ್ಕ ತಪ್ಪುತ್ತಿತ್ತು. ತುಕ್ಕು ಉಜ್ಜಿ, ಲೈಟಿನ ಅರ್ತಿಗೆ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರು ಎಳೆದ. ಆಮೇಲೆ ಲೈಟು ಹಾಕಿದರೂ ಮುಳ್ಳು ಅಲ್ಲಾಡಲಿಲ್ಲ. ಕೊನೆಗೂ ಅಟ್ಟ ಸೇರದ ಒಂದು ಸಾಮಾನು ಎಂದು ನನಗೆ ಖುಷಿಯಾಯಿತು.

"ರೇಡಿಯೇಟರ್ ಹಾಳಾಗಿತ್ತು, ಸರಿ ಮಾಡ್ಸಿದೆ ಅಂತ ಹೇಳು. ಮುಗೀತು," ಅಂದೆ.

"ಇಂಜಿನ್ ಬಿಸಿನೇ ಆಗಿರ್ಲಿಲ್ಲ ರೈಟ್ರೇ. ಅವತ್ತು ನಿಲ್ಸೋದೇ ಬೇಡ ಇತ್ತು. ಕಾಂತಕ್ಕಂಗೆ ಅದನ್ನ ಹೇಳ್ಬೇಕಲ್ಲ."

ನನಗೆ ಮೈಯೆಲ್ಲ ಉರಿಯಿತು. ಅದನ್ನು ಹೇಳಿದ ಮೇಲೆ ಯಾರು ಹತ್ತುತ್ತಾರೆ? ಆದರೂ ಏನಾಗುತ್ತದೋ ನೋಡೋಣವೆಂದು ಅವನ ಹಿಂದೆಯೇ ಲೈನ್ ಮನೆಗೆ ಹೋದೆ. ಬೋಜಪ್ಪ ಬಾಗಿಲಲ್ಲೇ ನಿಂತು ಒಂದೂ ಬಿಡದೆ ಹೇಳಿದ. ಕಾಂತಮ್ಮ ಊದಿದ ಕಾಲನ್ನು ಮಣೆಯ ಮೇಲಿಟ್ಟುಕೊಂಡು ಕೇಳಿದಳು.

"ಹಂಗಾದ್ರೆ ನನ್ನ ಕಾಲು ಸುಮ್‌ಸುಮ್ನೆ ಉಳುಕಿದ್ದು."

"ಹೌದು ಕಾಂತಕ್ಕ. ವೈರು ಕಟ್ಟಿದ್ದು ನಾನೇ."

ಅವಳು ಕಾಲನ್ನು ಮೆಲ್ಲಗೆ ಸವರಿಕೊಂಡಳು. ನಾನು ಮನಸ್ಸಿನಲ್ಲೇ ಬೇರೆ ಜೀಪು ಹುಡುಕತೊಡಗಿದೆ.

"ಈಗ ಲೈಟ್ ಹಾಕಿದ್ರೆ ಮುಳ್ಳು ಏಳಲ್ವಾ?"

"ಏಳಲ್ಲ."

"ಎಲ್ಲಿ, ತೋರ್ಸು ನಡಿ."

ಅವನ ಭುಜ ಹಿಡಿದು ಕುಂಟುತ್ತ ಬಂದು ಮುಂದಿನ ಸೀಟಿನಲ್ಲಿ ಕುಳಿತಳು. "ಹಾಕು," ಅಂದಳು. "ತೆಗಿ," ಅಂದಳು. ಹತ್ತಾರು ಸಲ ಹಾಕಿಸಿ ತೆಗೆಸಿದಳು. ಲೈನಿನ ಹೆಂಗಸರೆಲ್ಲ ಕಿಟಕಿಗೆ ಮುಖವಿಟ್ಟು ನೋಡಿದರು.

"ಸೋಮವಾರ ಬರ್ತೀನಿ. ಹಿಂದೆ ಹತ್ತಕ್ಕೆ ಕಾಲು ಬರಲ್ಲ, ಈ ಸೀಟು ನಂದು."

ಬೋಜಪ್ಪ ತಲೆಯಾಡಿಸಿ, ಟವೆಲಿನಿಂದ ಮುಖ ಒರೆಸಿಕೊಂಡ.

ಸೋಮವಾರ ದಟ್ಟ ಮಂಜಿತ್ತು. ಪಿಕಪ್ಪು ಹೊತ್ತಿಗೆ ಸರಿಯಾಗಿ ಗೇಟಿನೊಳಗೆ ಬಂತು. ಹಿಂದೆ ಹೆಂಗಸರೆಲ್ಲ ಇದ್ದರು. ಮುಂದೆ ಕುಳಿತ ಕಾಂತಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೋಜಪ್ಪ ಇಂಜಿನ್ ಆಫ್ ಮಾಡುವವರೆಗೂ ಅವಳ ಕಣ್ಣು ಮುಳ್ಳಿನ ಮೇಲೆಯೇ ಇತ್ತು.