ಡ್ಯಾಶ್‌ಬೋರ್ಡಿನ ದೀಪ

ಮುತ್ತತ್ತಿಯ ಆಂಜನೇಯನ ಗುಡಿಗೆ ಹೊರಟಿದ್ದ ಅಜ್ಜಿಯೊಬ್ಬರನ್ನು ಮಳವಳ್ಳಿಯಿಂದ ನನ್ನ ಟ್ಯಾಕ್ಸಿಯಲ್ಲಿ ಕರೆದೊಯ್ಯುತ್ತಿದ್ದೆ. ಹಲಗೂರು ದಾಟುತ್ತಲೇ ಆಯಿಲ್ ಪ್ರೆಶರ್ ಕಮ್ಮಿಯಾಗಿದೆ ಅಂತ ದೀಪದಂಥ ಕೆಂಪು ಗುರುತು ಹೊತ್ತಿಕೊಂಡಿತು. ಪಕ್ಕದಲ್ಲಿದ್ದ ಅಜ್ಜಿ ಬಗ್ಗಿ ನೋಡಿ ಕೈಮುಗಿದರು.

"ಕಾರೊಳಗೂ ದೀಪ ಮಡಗಿದ್ದೀಯ, ಒಳ್ಳೇದು ಕಣಪ್ಪ."

ನನಗೋ ಜೀವ ಬಾಯಿಗೆ ಬಂದಿತ್ತು. ಹಾಗೇ ಓಡಿಸಿದರೆ ಎಂಜಿನ್ ಬಿಗಿದು ಸೀಜ್ ಆಗುತ್ತೆ. ತಕ್ಷಣ ಬದಿಗೆ ಹಾಕಿ ಆಫ್ ಮಾಡಿದೆ. ಕೊಂಚ ತಡೆದು ಬಾನೆಟ್ ಎತ್ತಿ ಅಳತೆ ಕಡ್ಡಿ ಎಳೆದರೆ, ತುದಿಗೂ ಆಯಿಲ್ ಅಂಟಿರಲಿಲ್ಲ.

"ಎಣ್ಣೆ ಮುಗಿದದೆ ಕಣಜ್ಜಿ" ಅಂದೆ.

ದೇವರಿಗೆಂದು ತಂದಿದ್ದ ಎಳ್ಳೆಣ್ಣೆ ಬಾಟಲಿಯನ್ನೇ ಅವರು ಚಾಚಿದರು. "ಇದ್ನೇ ಉಯ್ಯಿ. ಅನುಮಂತರಾಯ ಏನೂ ಅನ್ನಕಿಲ್ಲ."

ಬೇಡವೆಂದು, ಡಿಕ್ಕಿಯಲ್ಲಿದ್ದ ಎಂಜಿನ್ ಆಯಿಲ್ ಹುಯ್ದು ಸ್ಟಾರ್ಟ್ ಮಾಡಿದೆ. ಕೆಂಪು ಗುರುತು ಹೋಯಿತು. ನಾನು ಕುಣಿಯುವುದೊಂದು ಬಾಕಿ. ಅಜ್ಜಿಯ ಮುಖ ಮಾತ್ರ ಸಪ್ಪಗಾಯಿತು.

"ಎಣ್ಣೆ ಉಯ್ದು ದೀಪ ಆರಿಸ್ಬುಟ್ಯಲ್ಲ ಮಗ."